ತೋಪಿಗೆ ತಕ್ಕ ಗುಂಡು: ದುರ್ಗದ ಸೀಮೆಯಲ್ಲೊಂದು ಸುತ್ತು

ಚಿತ್ರದುರ್ಗಕ್ಕೆ ಶಾಲಾ ಮಕ್ಕಳ ಪ್ರವಾಸ ಬಾರದ ವರ್ಷವಿಲ್ಲ. ಡಿಸೆಂಬರ್ ಬಂತೆಂದರೆ ಕೋಟೆಯ ಮುಂದೆ ಬಸ್ಸುಗಳ ಸಾಲು. ಮಕ್ಕಳು ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಾರೆ, ಅಕ್ಕ-ತಂಗಿ ಹೊಂಡಕ್ಕೆ ಇಣುಕುತ್ತಾರೆ, ಉಯ್ಯಾಲೆ ಕಂಬದ ಹತ್ತಿರ ಚಿತ್ರಾನ್ನದ ಪೊಟ್ಟಣ ಬಿಚ್ಚುತ್ತಾರೆ. ಏಳು ಸುತ್ತು, ಹತ್ತೊಂಬತ್ತು ಹೆಬ್ಬಾಗಿಲು, ಮೂವತ್ತೆಂಟು ದಿಡ್ಡಿ ಎಂದು ಮಾರ್ಗದರ್ಶಿ ಒಪ್ಪಿಸುವ ಲೆಕ್ಕವನ್ನು ಕೆಲವರು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದೂ ಉಂಟು. ಆದರೆ ಕೋಟೆ ಎಂದ ಮೇಲೆ ತೋಪು, ತೋಪು ಎಂದ ಮೇಲೆ ಗುಂಡು ಇರಲೇಬೇಕಲ್ಲ. ಆ ಗುಂಡು ಎಲ್ಲಿಂದ ಬಂತು, ಯಾರು ಮಾಡಿದರು, ತೋಪಿನ ಬಾಯಿಗೆ ಅದು ಸರಿಹೊಂದುವುದೆಂದು ಹೇಗೆ ತಿಳಿದರು ಎಂದು ಕೇಳುವ ವಿದ್ಯಾರ್ಥಿ ಅಪರೂಪ. ಈ ಒಂದು ಪ್ರಶ್ನೆಯನ್ನು ಕಿಸೆಯಲ್ಲಿಟ್ಟುಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಸುತ್ತಿ ಬಂದರೆ ದುರ್ಗದ ಸೀಮೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಮೊದಲು ಮದ್ದು. ಕೋಟೆಯ ಮುಂಭಾಗದಲ್ಲಿ ತಗ್ಗಾದ ಗುಂಡಿಯೊಂದರಲ್ಲಿ ಮದ್ದು ಬೀಸುವ ಕಲ್ಲುಗಳಿವೆ. ನಾಲ್ಕು ಮೂಲೆಗೆ ನಾಲ್ಕು ಭಾರಿ ಬೀಸುಕಲ್ಲು. ನಡುವೆ ಹಲ್ಲುಚಕ್ರವೊಂದಿದ್ದು, ಅದನ್ನು ಆನೆಗಳಿಂದಲೋ ಎತ್ತುಗಳಿಂದಲೋ ತಿರುಗಿಸಿದರೆ ನಾಲ್ಕೂ ಕಲ್ಲು ಒಟ್ಟಿಗೆ ತಿರುಗುತ್ತಿದ್ದವು ಎನ್ನುತ್ತಾರೆ. ಗುಂಡಿಯಲ್ಲಿ ಕಟ್ಟಿದ್ದಕ್ಕೆ ಕಾರಣ ಊಹಿಸಬಹುದು: ಬೆಂಕಿ ತಗುಲಿ ಸಿಡಿದರೆ ಹೊಡೆತ ಮೇಲಕ್ಕೆ ಹೋಗಲಿ, ಅಕ್ಕಪಕ್ಕಕ್ಕೆ ಬೇಡ. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರನ್ನೂ ನುಣ್ಣಗೆ ಅರೆದು ಬೆರೆಸಿದರೆ ಕಪ್ಪು ಮದ್ದು. ಪೆಟ್ಲುಪ್ಪು ಹೆಚ್ಚುಕಡಿಮೆ ಮುಕ್ಕಾಲು ಪಾಲು. ಉರಿಯಲು ಬೇಕಾದ ಆಮ್ಲಜನಕವನ್ನು ಅದೇ ಒದಗಿಸುವುದರಿಂದ ಮುಚ್ಚಿದ ನಳಿಗೆಯೊಳಗೂ ಮದ್ದು ಉರಿಯುತ್ತದೆ. ಒಣಗಿದ್ದಾಗ ಅರೆಯುವುದು ಸಾವಿಗೆ ಕರೆ ಕಳಿಸಿದಂತೆ. ಹಾಗಾಗಿ ಇಂಥ ಕೆಲಸದಲ್ಲಿ ನೀರು ಚಿಮುಕಿಸಿ ತೇವ ಮಾಡಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದ್ದ ಪದ್ಧತಿ.

ಮದ್ದು ಅರೆದಾಯಿತು. ಅದು ಬರೀ ಹೊಗೆ ಮತ್ತು ಅನಿಲದ ಒತ್ತಡ. ಆ ಒತ್ತಡವನ್ನು ಹೊತ್ತು ಹೊರಗೆ ಹೋಗಬೇಕಾದದ್ದು ಗುಂಡು. ಗುಂಡು ದೊಡ್ಡದಾದರೆ ನಳಿಗೆಯಲ್ಲಿ ಸಿಕ್ಕಿಕೊಂಡು ತೋಪೇ ಒಡೆದು ಗೋಲಂದಾಜನ ಪ್ರಾಣ ಹೋಗುತ್ತದೆ. ಚಿಕ್ಕದಾದರೆ ಪಕ್ಕದ ಸಂದಿನಿಂದ ಅನಿಲ ನುಸುಳಿಹೋಗಿ ಗುಂಡು ಅರ್ಧ ದಾರಿಯಲ್ಲಿ ಬೀಳುತ್ತದೆ. ಎಷ್ಟು ಸಂದು ಬಿಡಬೇಕು ಎನ್ನುವುದೇ ಮುನ್ನೂರು ನಾಲ್ಕುನೂರು ವರ್ಷ ತೋಪಿನವರನ್ನು ಕಾಡಿದ ಪ್ರಶ್ನೆ. ಹದಿನೆಂಟನೇ ಶತಮಾನದ ಬ್ರಿಟಿಷ್ ಸೇನೆಯಲ್ಲಿ ಗುಂಡಿನ ವ್ಯಾಸದ ಇಪ್ಪತ್ತನೇ ಒಂದು ಭಾಗದಷ್ಟು ಸಂದು ಬಿಡುವುದು ವಾಡಿಕೆಯಾಗಿತ್ತು. ಹತ್ತು ಸೆಂಟಿಮೀಟರ್ ಗುಂಡಿಗೆ ಹತ್ತೂವರೆ ಸೆಂಟಿಮೀಟರ್ ಬಾಯಿ. ಕೇಳಲು ಅತ್ಯಲ್ಪ. ಆದರೆ ವೃತ್ತದ ವಿಸ್ತೀರ್ಣದ ಸೂತ್ರ ಬಳಸಿ ನೋಡಿದರೆ ಬಾಯಿಯ ನೂರಕ್ಕೆ ಒಂಬತ್ತು ಭಾಗ ಖಾಲಿ ಉಳಿಯುತ್ತದೆ! ಇಂಗ್ಲೆಂಡಿನ ವುಲಿಚ್‌ನಲ್ಲಿ 1780ರ ದಶಕದಲ್ಲಿ ಪ್ರಯೋಗ ನಡೆಸಿದ ಗಣಿತಜ್ಞ ಚಾರ್ಲ್ಸ್ ಹಟನ್, ಈ ಸಂದಿನಿಂದಾಗಿ ಮದ್ದಿನ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದವರೆಗೆ ವ್ಯರ್ಥವಾಗುತ್ತಿದೆ ಎಂದು ಕಂಡುಕೊಂಡ. ಅಂದರೆ ಆನೆಯೋ ಎತ್ತೋ ಬೆವರು ಸುರಿಸಿ ತಿರುಗಿಸಿದ ಬೀಸುಕಲ್ಲಿನ ದುಡಿಮೆಯಲ್ಲಿ ಕಾಲು ಪಾಲಿಗಿಂತ ಹೆಚ್ಚು ಗಾಳಿಗೆ.

ಇದನ್ನು ಅಳೆಯುವ ಉಪಾಯ ಕಂಡುಹಿಡಿದವನ ಕಥೆ ಪಿ.ಯು. ವಿದ್ಯಾರ್ಥಿಗಳಿಗೆ ಹತ್ತಿರದ್ದು. ಭೌತಶಾಸ್ತ್ರದಲ್ಲಿ ಸಂವೇಗದ ಸಂರಕ್ಷಣೆಗೆ ಉದಾಹರಣೆಯಾಗಿ ಬರುವ ಬ್ಯಾಲಿಸ್ಟಿಕ್ ಲೋಲಕವನ್ನು 1742ರಲ್ಲಿ ಪುಸ್ತಕವಾಗಿ ಪ್ರಕಟಿಸಿದವನು ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಈತ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಪರೀಕ್ಷೆಗೆಂದು ಸೂತ್ರ ಉರುಹೊಡೆಯುವ ಮಕ್ಕಳಿಗೆ, ಅದರ ಹಿಂದಿನ ಮನುಷ್ಯ ಸತ್ತದ್ದು ನೆರೆಯ ತಮಿಳುನಾಡಿನ ಕರಾವಳಿಯಲ್ಲಿ ಎಂದು ಯಾರೂ ಹೇಳುವುದಿಲ್ಲ.

ದುರ್ಗದಲ್ಲಿ ಗುಂಡಿಗೆ ಬೇಕಾದ ಪದಾರ್ಥ ಕಾಲಡಿಯಲ್ಲೇ ಇತ್ತು. ಈ ಬೆಟ್ಟಗಳೆಲ್ಲ ಗ್ರಾನೈಟ್, ಅಂದರೆ ಕಣಶಿಲೆ. ಕೋಟೆಯೊಳಗೆ ಅಡ್ಡಾಡುವಾಗ ಬಂಡೆಗಳ ಮೇಲೆ ಸಾಲಾಗಿ ಕೊರೆದ ಕುಳಿಗಳನ್ನು ಗಮನಿಸಬೇಕು. ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅದು. ಹೀಗೆ ಸೀಳಿದ ಕಲ್ಲಿನಿಂದ ಗೋಡೆ, ಮೆಟ್ಟಿಲು, ಬಾಗಿಲುವಾಡ ಎಲ್ಲ ಆದವು. ಕಲ್ಲಿನ ತುಂಡನ್ನು ಉಳಿಯಿಂದ ಗುಂಡಗೆ ಕಡೆಯುವುದು ಮಾತ್ರ ಬೇರೆಯೇ ಕಸುಬು. ಗೋಡೆಯ ಕಲ್ಲಿಗೆ ಆರು ಮುಖ ಸರಿಯಾದರೆ ಸಾಕು. ಗುಂಡಿಗೆ ಮುಖವೇ ಇಲ್ಲ. ಎತ್ತ ತಿರುಗಿಸಿದರೂ ಒಂದೇ ಅಳತೆ ಬರಬೇಕು. ತೋಪಿನ ಬಾಯಿಗೆ ತಕ್ಕ ಬಳೆಯೊಂದನ್ನು ಇಟ್ಟುಕೊಂಡು, ಅದರೊಳಗೆ ಎಲ್ಲ ಕಡೆಯಿಂದಲೂ ಗುಂಡನ್ನು ತೂರಿಸಿ ನೋಡುವುದು ಎಲ್ಲ ನಾಡಿನ ತೋಪುಖಾನೆಗಳಲ್ಲಿದ್ದ ಸುಲಭ ಪರೀಕ್ಷೆ. ಕೊಂಚ ಚಿಕ್ಕದಾಗಿಬಿಟ್ಟರೆ ಬಟ್ಟೆ, ನಾರು ಸುತ್ತಿ ಸಂದು ಮುಚ್ಚುತ್ತಿದ್ದರು.

ಕಲ್ಲಿಗೆ ಇನ್ನೊಂದು ಅನುಕೂಲವಿತ್ತು: ಹಗುರ. ಹತ್ತು ಸೆಂಟಿಮೀಟರ್ ವ್ಯಾಸದ ಗುಂಡು ಗ್ರಾನೈಟಿನದಾದರೆ 1.4 ಕಿಲೋ, ಎರಕದ ಕಬ್ಬಿಣದ್ದಾದರೆ ಸುಮಾರು 3.75 ಕಿಲೋ, ಸೀಸದ್ದಾದರೆ 5.9 ಕಿಲೋ. ಗುಂಡು ಭಾರವಾದಷ್ಟೂ ಅದನ್ನು ತಳ್ಳಲು ಬೇಕಾದ ಮದ್ದು ಹೆಚ್ಚು, ನಳಿಗೆಯ ಮೇಲಿನ ಒತ್ತಡ ಹೆಚ್ಚು. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆ ಬಿಗಿದು ಮಾಡಿದ ಹಳೆಯ ತೋಪುಗಳು ಆ ಒತ್ತಡ ತಾಳುತ್ತಿರಲಿಲ್ಲ. ಬಾಯಿ ದೊಡ್ಡದಾದಂತೆಲ್ಲ ಈ ಕಷ್ಟ ವ್ಯಾಸದ ಘನದಂತೆ ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ತೂಕ ಎಂಟು ಪಟ್ಟು.

ಇದರ ಪರಾಕಾಷ್ಠೆ ನೋಡಬೇಕೆಂದರೆ ವಿಜಯಪುರಕ್ಕೇ ಹೋಗಬೇಕು. ಅಲ್ಲಿನ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದ ತೋಪು. ತೂಕ ಸುಮಾರು 55 ಟನ್, ಬಾಯಿಯ ಅಗಲ ಹೆಚ್ಚುಕಡಿಮೆ 70 ಸೆಂಟಿಮೀಟರ್. ಇದಕ್ಕೆ 68 ಸೆಂಟಿಮೀಟರಿನ ಕಲ್ಲುಗುಂಡು ಮಾಡಿದರೆ ತೂಕ ನಾಲ್ಕೂವರೆ ಕ್ವಿಂಟಾಲಿನ ಹತ್ತಿರ. ಕಬ್ಬಿಣದ್ದಾದರೆ ಹನ್ನೆರಡು ಕ್ವಿಂಟಾಲಿನ ಹತ್ತಿರ. ಅಂಥದ್ದನ್ನು ಎತ್ತಿ ಬಾಯಿಗಿಡುವವರು ಯಾರು? 1565ರ ತಾಳಿಕೋಟೆ ಯುದ್ಧದಲ್ಲಿ ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮಲಿಕ್-ಎ-ಮೈದಾನ್ ಆ ಯುದ್ಧದಲ್ಲಿತ್ತೆಂದೂ ಹೇಳುವುದುಂಟು. ದುಡ್ಡು ಎರಚುವುದು ದುಂದುಗಾರಿಕೆ ಎಂದು ಕಂಡರೂ, ಒಂದೇ ದೊಡ್ಡ ಗುಂಡನ್ನು ಅಳತೆಗೆ ಹೊಂದಿಸುವ ಪಡಿಪಾಟಲು ಅದರಿಂದ ತಪ್ಪುತ್ತಿತ್ತೆಂಬುದನ್ನು ಒಪ್ಪಬೇಕು. ದೊಡ್ಡ ಬಾಯಿಯ ತೋಪು ಮಾಡಿಸುವುದು ರಾಜನ ಹೆಮ್ಮೆ, ಅದಕ್ಕೆ ಗುಂಡು ಹುಡುಕುವುದು ಆಳಿನ ಪಾಡು.

ಸಣ್ಣ ಕೋವಿಗಳಲ್ಲಂತೂ ಗುಂಡಿನಿಂದಲೇ ಬಾಯಿಗೆ ಹೆಸರು ಬಂತು. ಹನ್ನೆರಡನೇ ನಂಬರಿನ ಬಂದೂಕು ಎಂದರೆ ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಎರೆದರೆ ಅದರಲ್ಲೊಂದು ಹಿಡಿಸುವ ಬಾಯಿ, ಅಂದರೆ 18.5 ಮಿಲಿಮೀಟರ್. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದ ಸ್ಯಾಂಡರ್‌ಸನ್ 1878ರ ತನ್ನ ಪುಸ್ತಕದಲ್ಲಿ ಆನೆ ಬೇಟೆಗೆ ನಾಲ್ಕನೇ ನಂಬರಿನ ಭಾರಿ ಕೋವಿ ಬಳಸಿದ್ದನ್ನು ಬರೆದಿದ್ದಾನೆ. ನಾಲ್ಕನೇ ನಂಬರು ಎಂದರೆ ಕಾಲು ಪೌಂಡಿನ ಗುಂಡು, 113 ಗ್ರಾಂ. ಸೀಸದ ಸಾಂದ್ರತೆ 11.34 ಇರುವುದರಿಂದ ಘನ ಅಳತೆ ಹತ್ತು ಘನ ಸೆಂಟಿಮೀಟರ್. ಗೋಳದ ಸೂತ್ರದಿಂದ ವ್ಯಾಸ 2.67 ಸೆಂಟಿಮೀಟರ್ ಬರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕ. ಆಗಲೂ ಇಂಥ ಕೋವಿಯ ಒಡೆಯ ತನ್ನ ಗುಂಡಿನ ಅಚ್ಚನ್ನು ಜೊತೆಯಲ್ಲೇ ಒಯ್ಯಬೇಕಿತ್ತು, ಯಾಕೆಂದರೆ ಆ ಅಳತೆಯ ಗುಂಡು ಅಂಗಡಿಯಲ್ಲಿ ಸಿಗುವ ಮಾತೇ ಇರಲಿಲ್ಲ.

ದುರ್ಗದ ಕೋಟೆಯ ಬತೇರಿಗಳತ್ತ ಮತ್ತೆ ಬರೋಣ. ಬತೇರಿ ಎಂಬ ಮಾತೇ ತೋಪುಗಳ ಸಾಲಿಗೆ ಯುರೋಪಿನವರು ಹೇಳುವ ಬ್ಯಾಟರಿಯಿಂದ ಬಂದದ್ದು. ಫಿರಂಗಿ ಎಂದರೆ ಫ್ರಾಂಕರದು, ತುಪಾಕಿ ತುರ್ಕಿಯದು. ಮದ್ದು ಮತ್ತು ಗುಂಡು ಮಾತ್ರ ಅಚ್ಚ ಕನ್ನಡ. ರೋಗಕ್ಕೆ ಕುಡಿಸುವುದೂ ಮದ್ದೇ, ಹಿಟ್ಟು ರುಬ್ಬುವುದೂ ಗುಂಡುಕಲ್ಲೇ. ಯಂತ್ರದ ಹೆಸರು ಹೊರಗಿನಿಂದ ಬಂತು, ಅದರ ಹೊಟ್ಟೆಗೆ ಹಾಕುವ ಸಾಮಗ್ರಿಯ ಹೆಸರು ಊರಿನದೇ ಉಳಿಯಿತು ಎನ್ನುವುದು ಭಾಷೆ ಬಲ್ಲವರು ಯೋಚಿಸಬೇಕಾದ ಸಂಗತಿ.

ಹೊರಗಿನ ತೋಪಿಗೆ ಈ ಕೋಟೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಬಾಗಿಲುಗಳು ಒಂದಕ್ಕೊಂದು ನೇರದಲ್ಲಿಲ್ಲ, ದಾರಿ ಹಾವಿನಂತೆ ತಿರುಗುತ್ತದೆ. ಗುಂಡು ನೇರ ಹೋಗಬಲ್ಲುದೇ ಹೊರತು ಮೂಲೆ ತಿರುಗಲಾರದು. ಗೋಡೆಗಳ ನಡುವೆ ಪ್ರಕೃತಿಯೇ ಇಟ್ಟ ಮನೆಯಷ್ಟೆತ್ತರದ ಬಂಡೆಗಳು. ಕಲ್ಲುಗುಂಡು ಅದಕ್ಕೆ ತಾಗಿದರೆ ಒಡೆಯುವುದು ಗುಂಡೇ. ಹೈದರ್ ಅಲಿ ಪದೇ ಪದೇ ಮುತ್ತಿಗೆ ಹಾಕಿ ಕಡೆಗೆ 1779ರಲ್ಲಿ ದುರ್ಗವನ್ನು ವಶಪಡಿಸಿಕೊಂಡದ್ದು ಗೋಡೆ ಒಡೆದಲ್ಲ. ಮದಕರಿ ನಾಯಕನ ಸೇವೆಯಲ್ಲಿದ್ದವರಲ್ಲೇ ಕೆಲವರ ದ್ರೋಹದಿಂದ ಎಂದು ಮಾರ್ಕ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸ ಹೇಳುತ್ತದೆ. ಗೆದ್ದ ಮೇಲೆ ಸಾವಿರಾರು ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಕಾಕತಾಳೀಯವೆಂದರೆ ಅದೇ ವರ್ಷದ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಕ್ಯಾರನ್ ಕಾರ್ಖಾನೆ ಸಂದನ್ನು ಬಹಳ ಕಡಿಮೆ ಮಾಡಿ, ಸ್ವಲ್ಪವೇ ಮದ್ದಿನಲ್ಲಿ ಭಾರಿ ಗುಂಡು ಹಾರಿಸುವ ಗಿಡ್ಡ ತೋಪನ್ನು ಹಡಗುಗಳಿಗಾಗಿ ಮಾರುಕಟ್ಟೆಗೆ ತಂದಿತು. ಗುಂಡನ್ನೂ ನಳಿಗೆಯನ್ನೂ ಒಂದೇ ಕಾರ್ಖಾನೆ ನಿಖರವಾಗಿ ಮಾಡಬಲ್ಲದಾದಾಗ ಮಾತ್ರ ಸಾಧ್ಯವಾದ ಕೆಲಸ ಅದು.

ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ನಡುವೆ ಐಮಂಗಲದ ಸಮೀಪದ ಮಾರಡಿಹಳ್ಳಿಯಲ್ಲಿ ಒಂದು ಗಳಿಗೆ ಇಳಿಯಬೇಕು. ಇಲ್ಲಿ ನೆಲದ ಮೇಲೆ ದಿಂಬುಗಳನ್ನು ಒಟ್ಟಿದಂತೆ ಉರುಟು ಉರುಟಾದ ಕಪ್ಪು ಹಸಿರು ಕಲ್ಲುಗಳು ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಹಠಾತ್ತನೆ ತಣಿದು ಈ ಆಕಾರ ತಾಳಿತು. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಪ್ರಕೃತಿಯೇ ತೋಪಿನ ಗುಂಡು ಮಾಡಿಟ್ಟಿದೆಯಲ್ಲ ಎಂದು ಮಕ್ಕಳು ಕೂಗಬಹುದು. ಹತ್ತಿರದಿಂದ ನೋಡಿದರೆ ಒಂದೂ ಪೂರ್ತಿ ಗುಂಡಗಿಲ್ಲ. ಒಂದು ಚಪ್ಪಟೆ, ಒಂದು ಉದ್ದ, ಒಂದಕ್ಕೆ ಕೆಳಗೆ ಬಾಲ. ದಿಂಬಿಗೆ ಸಾಕು, ತೋಪಿಗೆ ಸಾಲದು.

ಹಿರಿಯೂರು ವೇದಾವತಿಯ ದಡದ ಬಯಲೂರು. ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡು ಈ ಬಯಲಿನ ಚಹರೆ ಬದಲಿಸುವ ಮೊದಲು ಇದು ಸೇನೆಗಳು ಹಾದುಹೋಗುವ ದಾರಿಯಾಗಿತ್ತು; ಹೈದರನ ಮತ್ತು ಮರಾಠರ ಕಾದಾಟಗಳಲ್ಲಿ ಊರು ಬಹಳ ನೊಂದಿತು. ಸೇನೆ ಎಂದರೆ ಸಿಪಾಯಿಗಳಷ್ಟೇ ಅಲ್ಲ. ಹದಿನೈದು ಸೆಂಟಿಮೀಟರಿನ ಕಬ್ಬಿಣದ ಗುಂಡು ಒಂದಕ್ಕೆ ಹನ್ನೆರಡೂಮುಕ್ಕಾಲು ಕಿಲೋ ಎಂದಿಟ್ಟುಕೊಂಡರೂ ನೂರು ಗುಂಡಿಗೆ ಹನ್ನೆರಡು ಕ್ವಿಂಟಾಲಿಗೂ ಮಿಕ್ಕಿ ಹೇರು. ಅದನ್ನೂ ತೋಪನ್ನೂ ಎಳೆದದ್ದು ಎತ್ತುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ತಳಿ ಹೆಸರಾದದ್ದೇ ಸೇನೆಯ ಸಾಮಾನು ಮತ್ತು ತೋಪುಗಳನ್ನು ವೇಗವಾಗಿ ಎಳೆಯುವುದಕ್ಕೆ. ಈ ಜಿಲ್ಲೆಯಲ್ಲಿ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳು ಇಂದಿಗೂ ಹೆಸರಿನಲ್ಲಿ, ಕೆಲವು ಕಡೆ ನೆಲದಲ್ಲೂ ಉಳಿದಿವೆ. ಹುಲ್ಲುಗಾವಲೂ ಯುದ್ಧಸಾಮಗ್ರಿಯೇ ಆಗಿತ್ತೆಂದು ಪಠ್ಯಪುಸ್ತಕಗಳು ಹೇಳುವುದು ಕಡಿಮೆ.

ಹಿರಿಯೂರಿನಿಂದ ಪಡುವಲಿಗೆ ಹೊಸದುರ್ಗ. ಹೆಸರೇ ಹೇಳುವಂತೆ ಹೊಸ ಕೋಟೆ. 1675ರಲ್ಲಿ ದುರ್ಗದ ಪಾಳೆಯಗಾರ ಚಿಕ್ಕಣ್ಣ ನಾಯಕ ಕಟ್ಟಿಸಿದನೆನ್ನುತ್ತದೆ ಗೆಜೆಟಿಯರ್. ಬೆಟ್ಟ ಹತ್ತಿದರೆ ನೋಟ ಚೆನ್ನ. ಗುಂಡಿನ ಪ್ರಶ್ನೆಗೆ ಉತ್ತರ ಸಿಗುವುದು ಮಾತ್ರ ಕೋಟೆಯಲ್ಲಲ್ಲ, ಸುತ್ತಲಿನ ಬೆಟ್ಟಸಾಲಿನಲ್ಲಿ. ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಈ ಸಾಲಿನಲ್ಲಿ ಕಬ್ಬಿಣದ ಅದಿರು ಇದೆ. 1801ರಲ್ಲಿ ಈ ಕಡೆ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅದಿರಿನ ಬಗೆಗೂ, ಮತ್ತೋಡಿನ ಗಾಜಿನ ಬಳೆಯ ಕೆಲಸದ ಬಗೆಗೂ ವಿವರವಾಗಿ ಬರೆದುಕೊಂಡಿದ್ದಾನೆ.

ಇಷ್ಟು ಅದಿರು ಇದ್ದ ಮೇಲೆ ಕಲ್ಲುಗುಂಡು ಯಾಕೆ, ಕಬ್ಬಿಣದ ಗುಂಡನ್ನೇ ಎರೆಯಬಾರದಿತ್ತೇ? ಇಲ್ಲೇ ಇರುವುದು ಗುಟ್ಟು. ನಾಡಿನ ಮಣ್ಣಿನ ಕುಲುಮೆಗಳಲ್ಲಿ ಇದ್ದಿಲು ಉರಿಸಿ, ತಿದಿಯೊತ್ತಿ ಅದಿರನ್ನು ಕಾಯಿಸಿದರೆ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಕೈತಿದಿಯ ಕುಲುಮೆ ಅಷ್ಟಕ್ಕೆ ಏರದು. ಅಡಿಯಲ್ಲಿ ಕಿಟ್ಟ ಬೆರೆತ ಸ್ಪಂಜಿನಂಥ ಮುದ್ದೆ ಉಳಿಯುತ್ತಿತ್ತು. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟ ಹಿಂಡಿದರೆ ಬಡಿಗಬ್ಬಿಣ. ಗುದ್ದಲಿ, ಕುಳ, ಕತ್ತಿಗೆ ಉತ್ಕೃಷ್ಟ. ಆದರೆ ಅಚ್ಚಿಗೆ ಹೊಯ್ದು ಗುಂಡಾಗಿಸಲು ಬಾರದು. ಯುರೋಪಿನ ಎತ್ತರದ ಊದುಕುಲುಮೆಗಳಲ್ಲಿ ಕಬ್ಬಿಣ ಇಂಗಾಲವನ್ನು ಹೆಚ್ಚು ಹೀರಿ, ಅದರಿಂದಾಗಿ 1200 ಡಿಗ್ರಿಯ ಒಳಗೇ ಕರಗಿ ಹರಿಯುತ್ತಿತ್ತು. ಒಂದು ಅಚ್ಚಿನಿಂದ ಸಾವಿರ ಗುಂಡು, ಎಲ್ಲ ಒಂದೇ ಅಳತೆ. ದುರ್ಗದ ಕಮ್ಮಾರ ಒಂದು ಕಬ್ಬಿಣದ ಗುಂಡು ಮಾಡಬೇಕಾದರೆ ಸುತ್ತಿಗೆಯಿಂದ ಬಡಿದೇ ಗುಂಡಗೆ ಮಾಡಬೇಕು. ಒಂದೊಂದೂ ಒಂದೊಂದು ಅಳತೆ. ಅಷ್ಟು ಹೊತ್ತಿನಲ್ಲಿ ಕಲ್ಲುಕುಟಿಗ ಎಷ್ಟು ಕಲ್ಲುಗುಂಡು ಉರುಳಿಸಿರುತ್ತಾನೋ!

ಹಾಗಾದರೆ ಇಲ್ಲಿಯ ಕಬ್ಬಿಣ ಯುದ್ಧಕ್ಕೆ ಹೊಂದಲಿಲ್ಲವೇ? ಬಡಿಗಬ್ಬಿಣಕ್ಕೆ ತಕ್ಕ ಆಯುಧ ಬೇರೆಯಿತ್ತು. ತಗಡಾಗಿ ಬಡಿದು ಕೊಳವೆಯಾಗಿ ಸುತ್ತಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆ ಕೊಳವೆಗೆ ಮದ್ದು ತುಂಬಿ ಬಿದಿರಿನ ಗಳಕ್ಕೆ ಕಟ್ಟಿದರೆ ಮೈಸೂರಿನ ಹೆಸರಾಂತ ರಾಕೆಟ್ಟು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಬೆಳೆದು, ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್‌ನ ರಾಕೆಟ್ಟುಗಳಿಗೆ ಮೇಲ್ಪಂಕ್ತಿಯಾಯಿತು. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದವು.  ಇಂಥ ಕೊಳವೆಗಳ ವ್ಯಾಸದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರಬಹುದೆಂಬುದನ್ನು ಗಮನಿಸಬೇಕು. ತೋಪಿನ ಸಣ್ಣ ಗುಂಡಿಗೆ ಇಷ್ಟು ವ್ಯತ್ಯಾಸ ಬಂದರೆ ಕೆಲಸವೇ ಕೆಟ್ಟಿತು. ರಾಕೆಟ್ಟಿಗೆ ಅದರಿಂದ ಏನೂ ಆಗದು. ತನ್ನ ಮದ್ದನ್ನು ತಾನೇ ಹೊತ್ತು ಹಾರುವ ಅದಕ್ಕೆ ನಳಿಗೆಯೇ ಬೇಡ, ನಳಿಗೆಗೆ ಹೊಂದಬೇಕಾದ ಗೋಜೂ ಇಲ್ಲ. ಅಳತೆಯ ನಿಖರತೆ ಕೊಡಲಾಗದ ಕಬ್ಬಿಣವನ್ನು ನಿಖರತೆಯೇ ಬೇಡದ ಆಯುಧಕ್ಕೆ ಹಚ್ಚಿದ ಈ ಜಾಣ್ಮೆಯನ್ನು ರಾಕೆಟ್ಟು ಎಷ್ಟು ದೂರ ಹಾರಿತು ಎಂಬ ಲೆಕ್ಕಕ್ಕಿಂತ ಹೆಚ್ಚು ಮೆಚ್ಚಬೇಕು.

ಹೊಸದುರ್ಗದಿಂದ ಹೊಳಲ್ಕೆರೆಗೆ ಒಂದು ಗಂಟೆಯೊಳಗಿನ ದಾರಿ. ಅಡಕೆ, ತೆಂಗಿನ ತೋಟಗಳ ನಡುವೆ ಅಲ್ಲಲ್ಲಿ ಕೆಂಪು ದೂಳು. ಭೀಮಸಮುದ್ರದ ಕಡೆಯ ಗಣಿಗಳಿಂದ ಅದಿರು ಹೊತ್ತ ಲಾರಿಗಳ ಗುರುತು ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯೊಂದಿಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತ್ತು. ಬಳಿಕ ಮಿತಿ ಹಾಕಿ ಮತ್ತೆ ಆರಂಭಕ್ಕೆ ಒಪ್ಪಿತು. ಹೊಳಲ್ಕೆರೆಯ ಬಯಲು ಗಣಪತಿ 1475ರ ಕಾಲದ್ದು. ದೊಡ್ಡ ಕಲ್ಲಿನಲ್ಲಿ ದುಂಡನೆಯ ಹೊಟ್ಟೆ ತಿದ್ದಿದ ಉಳಿ ಎಷ್ಟು ಪಳಗಿದ್ದೆಂದು ಅಲ್ಲಿ ಕಾಣಬಹುದು. ಈ ಸೀಮೆಗೆ ತೋಪು ಬರುವ ಮೊದಲೇ ಕಲ್ಲನ್ನು ದುಂಡಗೆ ಮಾಡುವ ಕೈಗಳಿದ್ದವು.

ಇಂಥ ಪ್ರವಾಸಕ್ಕೆ ಹೊರಡುವ ಮಕ್ಕಳ ಚೀಲದಲ್ಲಿ ಒಂದು ಮೊಳ ದಾರ, ಒಂದು ಅಳತೆಪಟ್ಟಿ ಇದ್ದರೆ ಸಾಕು. ಕೋಟೆಯಲ್ಲೋ ವಸ್ತುಸಂಗ್ರಹಾಲಯದಲ್ಲೋ ಕಲ್ಲುಗುಂಡು ಕಂಡರೆ, ಅಲ್ಲಿಯ ಸಿಬ್ಬಂದಿಯ ಒಪ್ಪಿಗೆ ಪಡೆದು ದಾರ ಸುತ್ತಿ ಸುತ್ತಳತೆ ತೆಗೆಯಬಹುದು. 47 ಸೆಂಟಿಮೀಟರ್ ಬಂದರೆ ವ್ಯಾಸ 15. ಗ್ರಾನೈಟಾದರೆ ತೂಕ ನಾಲ್ಕೂಮುಕ್ಕಾಲು ಕಿಲೋದ ಹತ್ತಿರ. ದಾರವನ್ನು ಮೂರು ದಿಕ್ಕಿನಲ್ಲಿ ಸುತ್ತಿ ನೋಡಿದರೆ ಕಡೆದವನ ಕೈ ಎಷ್ಟು ನಿಖರವಾಗಿತ್ತೆಂದು ತಿಳಿಯುತ್ತದೆ. ಯಾವ ಶಾಸನದಲ್ಲೂ ಹೆಸರಿಲ್ಲದ ಕಲ್ಲುಕುಟಿಗನ ಬಗ್ಗೆ ತಿಳಿಯಲು ಉಳಿದಿರುವ ಸಾಕ್ಷ್ಯ ಅದೊಂದೇ. ಹಾಗೆಂದೇ ಗುಂಡುಗಳು ಇದ್ದಲ್ಲೇ ಇರಬೇಕು. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿಂದ ಕಲ್ಲೊಂದನ್ನು ಮನೆಗೆ ಒಯ್ಯುವುದು ಅಪರಾಧ, ಎಲ್ಲಿತ್ತೆಂಬ ಸಂಗತಿ ಕಳೆದುಹೋದರೆ ಆ ಕಲ್ಲಿನಿಂದ ಕಲಿಯುವುದಕ್ಕೂ ಏನೂ ಉಳಿಯುವುದಿಲ್ಲ.

ತಂದೆತಾಯಂದಿರು ಇನ್ನೊಂದು ಮಾತನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಕಲ್ಲುಗುಂಡು ನಿರುಪದ್ರವಿ, ಗಟ್ಟಿ ಕಬ್ಬಿಣದ ಗುಂಡೂ ಹಾಗೆಯೇ. ಆದರೆ ಹೊಲ ಉಳುವಾಗ, ಬಾವಿ ತೋಡುವಾಗ ತುಕ್ಕು ಹಿಡಿದ ಕಬ್ಬಿಣದ ಗುಂಡೋ ಕೊಳವೆಯೋ ಸಿಕ್ಕರೆ ಒಳಗೆ ಟೊಳ್ಳಿದ್ದು ಮದ್ದು ತುಂಬಿರಬಹುದು. ನಗರದ ಬಾವಿಯಲ್ಲಿ ಸಿಕ್ಕ ಕೊಳವೆಗಳಲ್ಲಿ ಇನ್ನೂರು ವರ್ಷ ದಾಟಿದ ಮೇಲೂ ಮದ್ದಿನ ಪುಡಿ ಉಳಿದಿತ್ತು. ಬಡಿಯದೆ, ಕಾಯಿಸದೆ, ಗುಜರಿಗೆ ಹಾಕದೆ ಪೊಲೀಸರಿಗೆ ತಿಳಿಸಬೇಕು.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 30 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ನಾಲ್ಕೂ ಊರನ್ನು ಒಂದೇ ದಿನದಲ್ಲಿ ಮುಗಿಸುವ ಆತುರಕ್ಕೆ ಬೀಳದೆ ಕೋಟೆಗೇ ಒಂದು ಪೂರ್ತಿ ಬೆಳಗು ಮೀಸಲಿಡುವುದು ಲೇಸು. ಬಿಸಿಲೇರಿದ ಮೇಲೆ ಬಂಡೆ ಕಾದು ಅಳತೆಪಟ್ಟಿ ಹಿಡಿಯುವ ಉತ್ಸಾಹ ಯಾರಿಗೂ ಇರುವುದಿಲ್ಲ.